ಓದಿನ ಬಳಗಕ್ಕೆ ಯಾವ ಆಪ್ ಒಳ್ಳೇದು? ವಾಟ್ಸ್‌ಆಪ್‌ನಿಂದ ಮೂಡಲ್ ತನಕ ಒಂದು ಹೋಲಿಕೆ

ನಮ್ಮ ಬಳಗ ಇನ್ನೂ ವಾಟ್ಸ್‌ಆಪ್‌ನಲ್ಲಿದ್ದಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಡೌಟ್ ಕೇಳಿದಳು. ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸುವ ವಿಷಯ ಸಂವಿಧಾನದ 200ನೇ ವಿಧಿಯಲ್ಲಿ ಬರುತ್ತದೋ 201ರಲ್ಲೋ ಅಂತ. ಕಾಯ್ದಿರಿಸುವ ಅಧಿಕಾರ ಇರುವುದು 200ರಲ್ಲಿ, ಕಾಯ್ದಿರಿಸಿದ ಮೇಲೆ ರಾಷ್ಟ್ರಪತಿಗಳು ಏನು ಮಾಡಬಹುದು ಅನ್ನುವುದು 201ರಲ್ಲಿ. ಇಷ್ಟೇ ಉತ್ತರ. ಆದರೆ ಇದೇ ಪ್ರಶ್ನೆ ಒಂದು ವರ್ಷದ ಹಿಂದೆ ಇದೇ ಗ್ರೂಪಲ್ಲಿ ಬಂದಿತ್ತು, ಆಗ ಯಲಹಂಕದ ಒಬ್ಬರು, ದಿನವಿಡೀ ಕೆಲಸ ಮುಗಿಸಿ ಬಂದವರು, ರಾತ್ರಿ ಹನ್ನೊಂದರ ತನಕ ಕೂತು ಎರಡೂ ವಿಧಿಗಳನ್ನು ಪಕ್ಕಪಕ್ಕ ಇಟ್ಟು ವಿವರಿಸಿ, ಮೂರು ಜನರ ಮರುಪ್ರಶ್ನೆಗೂ ಉತ್ತರ ಬರೆದಿದ್ದರು. ಆ ಬರಹವನ್ನು ಈ ಹುಡುಗಿಗೆ ತೋರಿಸೋಣ ಅಂತ ನಾಲ್ಕು ಜನ ಸೇರಿ ಹುಡುಕಿದೆವು. ಸಿಗಲಿಲ್ಲ. ಒಬ್ಬರು ಫೋನ್ ಬದಲಾಯಿಸಿದ್ದರು, ಇನ್ನೊಬ್ಬರು ಜಾಗ ಸಾಲದೆ ಚಾಟ್ ಅಳಿಸಿದ್ದರು, ಉಳಿದ ಇಬ್ಬರ ಫೋನಲ್ಲಿ ಎಷ್ಟು ಸ್ಕ್ರೋಲ್ ಮಾಡಿದರೂ ಶುಭೋದಯದ ಚಿತ್ರಗಳೇ.

ಅವತ್ತೇ ಈ ಹೋಲಿಕೆ ಬರೆಯಬೇಕು ಅನ್ನಿಸಿತು. ವಿಜಯನಗರ, ಅತ್ತಿಗುಪ್ಪೆ, ಚಂದ್ರಾಲೇಔಟ್ ಸುತ್ತ ಪಿಜಿಗಳಲ್ಲಿ ಕೂತು ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಸರ್ಕಾರಿ ಹುದ್ದೆಯ ಪರೀಕ್ಷೆಗಳಿಗೆ ಓದುವವರ ಬಳಗ ನಮ್ಮದು. ಸುಮಾರು ಅರವತ್ತು ಜನ ಇದ್ದೇವೆ. ಅರ್ಧ ಜನ ಕೆಲಸ ಮಾಡುತ್ತಾ ಓದುವವರು. ಇದರ ಜೊತೆಗೆ ಜಯನಗರದ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಗೆಳತಿಯೊಬ್ಬಳ ಶಿಕ್ಷಕರ ಗುಂಪಿಗೂ, ಕನ್ನಡದಲ್ಲೇ ಪೈಥಾನ್ ಕೋಡಿಂಗ್ ಕಲಿಯುವ ಒಂದು ಸಣ್ಣ ಗುಂಪಿಗೂ ನಾನು ಆಪ್ ಆರಿಸಿ, ಜೋಡಿಸಿ ಕೊಟ್ಟಿದ್ದೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಒಟ್ಟಿಗೆ ಕಲಿಯುವ ಗುಂಪಿಗೆ ಎರಡು ಜಾಗ ಬೇಕು. ಒಂದು ಮಾತಾಡುವ ಜಾಗ. ಇನ್ನೊಂದು ಇಟ್ಟುಕೊಳ್ಳುವ ಜಾಗ. ನಾವು ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕಟ್ಟಿಕೊಂಡು, ಎರಡನೆಯದೂ ಅದರಲ್ಲೇ ಆಗುತ್ತದೆ ಅಂದುಕೊಳ್ಳುತ್ತೇವೆ. ಆಗುವುದಿಲ್ಲ.

ಆಪ್ ನೋಡುವ ಮುಂಚೆ ಜನರನ್ನು ನೋಡಿ

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಅಂತ ಕಾರ್ಯಕ್ರಮ ನಡೆಯಿತು, ನೆನಪಿದೆಯಲ್ವಾ? ಮೇಷ್ಟ್ರುಗಳು ಮರದಡಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದ್ದು ಎಲ್ಲರಿಗೂ ನೆನಪಿರುತ್ತದೆ. ಅದರಲ್ಲಿ ಇನ್ನೊಂದು ಒಳ್ಳೆಯ ಯೋಚನೆ ಇತ್ತು: ಮಕ್ಕಳನ್ನು ಮೊದಲು ಮೂರು ಗುಂಪಾಗಿ ನೋಡಿದ್ದರು. ಫೋನೇ ಇಲ್ಲದವರು, ಸಾದಾ ಫೋನ್ ಇರುವವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಇರುವವರು. ಯಾರಿಗೆ ಏನು ತಲುಪುತ್ತದೆ ಅನ್ನುವುದು ಅಲ್ಲಿಂದ ಶುರುವಾಯಿತು.

ಅದನ್ನೇ ಮಾಡಿ. ನಿಮ್ಮ ಗುಂಪಿನಲ್ಲಿ ಎಷ್ಟು ಜನರ ಹತ್ತಿರ ಲ್ಯಾಪ್‌ಟಾಪ್ ಇದೆ, ಎಷ್ಟು ಜನರ ಫೋನ್ ಮನೆಯವರೆಲ್ಲ ಸೇರಿ ಬಳಸುವುದು, ಯಾರಿಗೆ ಇಮೇಲ್ ನೋಡುವ ಅಭ್ಯಾಸ ಇದೆ ಅಂತ ಕೇಳಿ ಬರೆದುಕೊಳ್ಳಿ. ಯಾವ ಹೊತ್ತಿಗೆ ಬಿಡುವು ಅನ್ನುವುದನ್ನೂ ಕೇಳಿ. ಪೀಣ್ಯದಲ್ಲಿ ರಾತ್ರಿ ಪಾಳಿ ಮಾಡುವವನು ಮತ್ತು ಬೆಳಿಗ್ಗೆ ಎಂಟಕ್ಕೆ ವೈಟ್‌ಫೀಲ್ಡ್ ಮೆಟ್ರೊ ಹತ್ತುವವಳು ಒಂದೇ ಹೊತ್ತಿಗೆ ಆನ್‌ಲೈನ್ ಇರುವುದಿಲ್ಲ. ಇಂಥ ಊರಲ್ಲಿ ಚರ್ಚೆ ನಿಧಾನವಾಗಿ, ಅವರವರ ಹೊತ್ತಿಗೆ ನಡೆಯುವಂತಿರಬೇಕು. ಸಂಜೆ ಏಳಕ್ಕೆ ಕೇಳಿದ್ದಕ್ಕೆ ಬೆಳಿಗ್ಗೆ ಆರಕ್ಕೆ ಉತ್ತರ ಕೊಡಲು ಬಂದವನಿಗೆ ಪ್ರಶ್ನೆ ಇನ್ನೂ ಕಣ್ಣಿಗೆ ಬೀಳಬೇಕು. ಯಾವ ಆಪ್ ನೋಡಿದರೂ ನಾನು ಮೊದಲು ಇದನ್ನೇ ಪರೀಕ್ಷೆ ಮಾಡುವುದು.

ವಾಟ್ಸ್‌ಆಪ್

ಇದರ ದೊಡ್ಡ ಗುಣ ಒಂದೇ, ಆದರೆ ಅದು ನಿಜಕ್ಕೂ ದೊಡ್ಡದು. ಎಲ್ಲರ ಹತ್ತಿರ ಇದೆ, ಕನ್ನಡದಲ್ಲೇ ಬಳಸಬಹುದು, ಯಾರಿಗೂ ಏನೂ ಕಲಿಸಬೇಕಿಲ್ಲ. ಅಮ್ಮನ ಫೋನಿನಿಂದ ಓದುವ ಹುಡುಗನಿಗೂ ತಲುಪುತ್ತದೆ. ಒಂದು ಗ್ರೂಪಿನಲ್ಲಿ 1024 ಜನ ಇರಬಹುದು. 2022ರ ಕೊನೆಗೆ ಬಂದ ಕಮ್ಯುನಿಟಿ ಸೌಲಭ್ಯದಲ್ಲಿ ಒಂದೇ ಸೂರಿನಡಿ ಹಲವು ಗ್ರೂಪ್ ಮಾಡಬಹುದು: ಇತಿಹಾಸಕ್ಕೊಂದು, ಅರ್ಥಶಾಸ್ತ್ರಕ್ಕೊಂದು, ಎಲ್ಲರಿಗೂ ಸೂಚನೆ ಕೊಡಲು ಒಂದು. ಮೆಸೇಜ್ ಪಿನ್ ಮಾಡಬಹುದು, ಆದರೆ ಹೆಚ್ಚೆಂದರೆ 30 ದಿನ.

ತೊಂದರೆ ಶುರುವಾಗುವುದು ಮೂವತ್ತು ನಲವತ್ತು ಜನ ದಾಟಿದ ಮೇಲೆ. ಎಲ್ಲ ಮಾತೂ ಒಂದೇ ಸಾಲಿನಲ್ಲಿ ಹರಿಯುತ್ತದೆ. ಮಸೂದೆಯ ಪ್ರಶ್ನೆಯ ಕೆಳಗೆ ಹಾಲ್ ಟಿಕೆಟ್ ಬಂತಾ ಅನ್ನುವ ಪ್ರಶ್ನೆ, ಅದರ ಕೆಳಗೆ ಯಾರದೋ ಹುಟ್ಟುಹಬ್ಬಕ್ಕೆ ಇಪ್ಪತ್ತು ಕೇಕು. ಅರ್ಧ ಗಂಟೆ ಬಿಟ್ಟು ಬಂದವನಿಗೆ ಎಲ್ಲಿಂದ ಓದಬೇಕು ತಿಳಿಯುವುದಿಲ್ಲ. ಒಂದು ಮೆಸೇಜನ್ನು ಎಳೆದು ಅದಕ್ಕೇ ಉತ್ತರಿಸುವ ಅಭ್ಯಾಸವನ್ನು ಎಲ್ಲರಿಗೂ ಮಾಡಿಸಿದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ನಾವು ಮಾಡಿಸಿದೆವು, ಆದರೂ ಪರೀಕ್ಷೆಯ ಅಧಿಸೂಚನೆ ಬಂದ ದಿನ ಎಲ್ಲ ಕಟ್ಟು ಕಳಚಿಕೊಳ್ಳುತ್ತದೆ. ಹೊಸದಾಗಿ ಸೇರಿದವರಿಗೆ ಹಳೆಯ ಚರ್ಚೆ ತಾನಾಗಿ ಕಾಣುವುದೂ ಇಲ್ಲ. ಅವರು ಖಾಲಿ ಕೋಣೆಗೆ ಬಂದ ಹಾಗೆ ಬರುತ್ತಾರೆ. ಹಾಗಾಗಿ ಹಳೆಯ ಪ್ರಶ್ನೆಯನ್ನೇ ಕೇಳುತ್ತಾರೆ, ಹಳಬರಿಗೆ ಬೇಸರವಾಗುತ್ತದೆ. ಇದರಲ್ಲಿ ಕೇಳಿದವರ ತಪ್ಪು ಏನೂ ಇಲ್ಲ.

ಇನ್ನೊಂದು ವಿಷಯ ಗಂಭೀರವಾದದ್ದು. ಗ್ರೂಪಿನಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಸಿಗುತ್ತದೆ. ನಾವು ಮುಂಚೆ ಸೇರಿದ್ದ ಒಂದು ದೊಡ್ಡ ಗ್ರೂಪಿನಲ್ಲಿ ಪ್ರಶ್ನೆ ಕೇಳಿದ ಹೆಣ್ಣುಮಕ್ಕಳಿಗೆ ರಾತ್ರಿ ಹತ್ತರ ಮೇಲೆ ಗೊತ್ತಿಲ್ಲದವರಿಂದ ಹಾಯ್ ಬರಲು ಶುರುವಾಯಿತು. ಅಡ್ಮಿನ್‌ಗೆ ಹೇಳಿದರೆ ಬ್ಲಾಕ್ ಮಾಡಿ ಅಂದರು, ಅಷ್ಟೇ. ಎರಡೇ ವಾರದಲ್ಲಿ ಆ ಗ್ರೂಪಿನಲ್ಲಿ ಹೆಣ್ಣುಮಕ್ಕಳು ಪ್ರಶ್ನೆ ಕೇಳುವುದೇ ನಿಂತುಹೋಯಿತು. ಅಪರಿಚಿತರು ಸೇರುವ ಗುಂಪಿಗೆ ವಾಟ್ಸ್‌ಆಪ್ ಬೇಡ ಅಂತ ನಾನು ಖಡಾಖಂಡಿತ ಹೇಳುವುದು ಇದಕ್ಕೇ. ಮುಖಪರಿಚಯ ಇರುವ ಇಪ್ಪತ್ತೈದು ಜನರ ಗುಂಪಿಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ.

ಟೆಲಿಗ್ರಾಂ

ಸ್ಪರ್ಧಾತ್ಮಕ ಪರೀಕ್ಷೆ ಓದುವವರ ಅರ್ಧ ಜಗತ್ತು ಇಲ್ಲಿದೆ. ಕಾರಣವೂ ಇದೆ. ಗ್ರೂಪಿನಲ್ಲಿ ಎರಡು ಲಕ್ಷ ಜನ ಇರಬಹುದು, 2 ಜಿಬಿ ತನಕದ ಫೈಲ್ ಕಳಿಸಬಹುದು, ಎಲ್ಲ ಅವರ ಸರ್ವರಿನಲ್ಲಿ ಉಳಿಯುವುದರಿಂದ ಫೋನ್ ಬದಲಾದರೂ ನಷ್ಟವಿಲ್ಲ. ಅಡ್ಮಿನ್ ಒಂದು ಸೆಟ್ಟಿಂಗ್ ಬಿಟ್ಟರೆ ಹೊಸಬರಿಗೂ ಮೊದಲ ದಿನದಿಂದ ಎಲ್ಲ ಕಾಣುತ್ತದೆ. ಕ್ವಿಜ್ ಮಾದರಿಯ ಪೋಲ್ ಇದೆ: ಸರಿ ಉತ್ತರ ಯಾವುದು, ಯಾಕೆ ಅಂತ ವಿವರಣೆ ಸಮೇತ ಹಾಕಬಹುದು. ನಮ್ಮಲ್ಲಿ ದಿನಾ ಬೆಳಿಗ್ಗೆ ಐದು ಪ್ರಶ್ನೆ ಹೀಗೆ ಹಾಕುತ್ತೇವೆ, ಎಲ್ಲಕ್ಕಿಂತ ಜಾಸ್ತಿ ಜನ ಬರುವುದು ಅದಕ್ಕೇ. ಫೋನ್ ನಂಬರನ್ನು ಯಾರಿಗೂ ಕಾಣದಂತೆ ಮುಚ್ಚಿಡಬಹುದು, ಇದನ್ನು ಸೇರಿದ ದಿನವೇ ಎಲ್ಲರಿಂದ ಮಾಡಿಸಿ.

ನನಗೆ ತುಂಬ ಹಿಡಿಸಿದ್ದು ಎರಡು. ಒಂದು, ಗ್ರೂಪಿನೊಳಗೆ ವಿಷಯವಾರು ಕೋಣೆ ಮಾಡುವ ಟಾಪಿಕ್ಸ್ ಸೌಲಭ್ಯ. ಎರಡು, ಸ್ಲೋ ಮೋಡ್. ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಇಂತಿಷ್ಟು ಹೊತ್ತು, ಬೇಕಾದರೆ ಒಂದು ಗಂಟೆ ತನಕ, ಇನ್ನೊಂದು ಹಾಕಲು ಬಿಡುವುದಿಲ್ಲ. ಇದನ್ನು ಐದು ನಿಮಿಷಕ್ಕೆ ಇಟ್ಟ ಮೇಲೆ ನಮ್ಮ ಬಳಗದ ಬರಹವೇ ಬದಲಾಯಿತು. ಹೂಂ, ಸರಿ, ಥ್ಯಾಂಕ್ಸ್ ಅಂತ ಒಂದೊಂದೇ ಪದ ಹಾಕುತ್ತಿದ್ದವರು ಯೋಚಿಸಿ ನಾಲ್ಕು ಸಾಲು ಬರೆಯಲು ಶುರುಮಾಡಿದರು.

ಆದರೆ ಟೆಲಿಗ್ರಾಂ ಸುಲಭವಾಗಿ ಪಿಡಿಎಫ್ ಗೋಡೌನ್ ಆಗಿಬಿಡುತ್ತದೆ. ಯಾರದೋ ಪುಸ್ತಕ ಸ್ಕ್ಯಾನ್ ಮಾಡಿ ಹಂಚುವುದು, ಇಳಿಸಿಕೊಳ್ಳುವುದು, ಓದದೆ ಬಿಡುವುದು. ಬರೆದವರಿಗೂ ಅನ್ಯಾಯ, ಕಲಿಯುವವರಿಗೂ ಉಪಯೋಗವಿಲ್ಲ. ನಮ್ಮಲ್ಲಿ ಒಂದು ನಿಯಮ ಇದೆ: ಸ್ವಂತ ನೋಟ್ಸ್ ಅಥವಾ ಸರ್ಕಾರ ತಾನೇ ಉಚಿತವಾಗಿ ಕೊಟ್ಟದ್ದು ಮಾತ್ರ ಹಾಕಬೇಕು, ಹಾಕುವಾಗ ಅದರಲ್ಲಿ ಏನಿದೆ ಅಂತ ಮೂರು ಸಾಲು ಬರೆಯಬೇಕು. ಇನ್ನೊಂದು ಗಮನದಲ್ಲಿರಲಿ, ವಾಟ್ಸ್‌ಆಪ್ ಗ್ರೂಪಿನ ಮಾತುಗಳು ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಗ್ರೂಪಿನವರನ್ನು ಬಿಟ್ಟು ಕಂಪನಿಯೂ ಓದಲಾಗದು, ಇಲ್ಲಿಯ ಗ್ರೂಪ್ ಮಾತುಗಳು ಹಾಗಿರುವುದಿಲ್ಲ. ಆಧಾರ್, ಅಂಕಪಟ್ಟಿಯ ಫೋಟೊ ಹಾಕಬೇಡಿ.

ಡಿಸ್ಕಾರ್ಡ್

2015ರಲ್ಲಿ ಗೇಮ್ ಆಡುವವರಿಗಾಗಿ ಬಂದದ್ದು. ಪೈಥಾನ್ ಗುಂಪಿಗೆ ಇದನ್ನೇ ಕೊಟ್ಟೆ, ಅದು ಸರಿಯಾದ ಆಯ್ಕೆಯೇ ಆಯಿತು. ಇದರ ಧ್ವನಿ ಕೋಣೆ ಯಾವಾಗಲೂ ತೆರೆದಿರುತ್ತದೆ. ಲಿಂಕ್ ಕಳಿಸು, ಮೀಟಿಂಗ್ ಶುರುಮಾಡು ಅನ್ನುವ ಗೋಜಿಲ್ಲ, ಯಾರಾದರೂ ಕೂತಿದ್ದರೆ ಕಾಣುತ್ತದೆ, ಒಳಗೆ ಹೋಗಿ ಕೂರಬಹುದು. ಒಬ್ಬರು ಸ್ಕ್ರೀನ್ ತೋರಿಸುತ್ತಾ ಕೋಡ್ ಬರೆಯುತ್ತಾರೆ, ಉಳಿದವರು ನೋಡುತ್ತಾ ತಪ್ಪು ಹಿಡಿಯುತ್ತಾರೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷಕ್ಕೆ ಕರೆ ಮುಗಿಯುತ್ತದೆ, ಇಲ್ಲಿ ಆ ಗಡಿಯಾರ ಇಲ್ಲ. 2022ರಿಂದ ಫೋರಂ ಚಾನೆಲ್ ಕೂಡ ಇದೆ, ಅದರಲ್ಲಿ ಪ್ರತಿ ಪ್ರಶ್ನೆಗೂ ತಲೆಬರಹ, ಟ್ಯಾಗ್, ಅದರದೇ ಉತ್ತರಗಳ ಸಾಲು.

ಆದರೆ ಹಳೆಯ ಫೋನಿನಲ್ಲಿ ಭಾರ. ಲ್ಯಾಪ್‌ಟಾಪ್ ಇಲ್ಲದವರಿಗೆ ಚಾನೆಲ್‌ಗಳ ಪಟ್ಟಿ ನೋಡಿದರೇ ಗಾಬರಿ. ವಿಜಯನಗರದ ಬಳಗಕ್ಕೆ ಒಂದು ತಿಂಗಳು ಪ್ರಯತ್ನಿಸಿದೆವು, ಅರವತ್ತರಲ್ಲಿ ಹದಿನಾಲ್ಕು ಜನ ಬಂದರು. ವಯಸ್ಸು ಕನಿಷ್ಠ 13 ಇರಬೇಕು ಅಂತ ಅವರ ನಿಯಮವೇ ಇದೆ.

ಜುಲಿಪ್

ಇದರ ಹೆಸರು ಕೇಳಿದವರು ಕಡಿಮೆ, ಅದಕ್ಕೇ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಓದುವ ಗುಂಪಿಗಾಗಿಯೇ ಮಾಡಿದಂತಿದೆ. ಮುಕ್ತ ತಂತ್ರಾಂಶ, 2015ರಿಂದ ಇದರ ಕೋಡ್ ಎಲ್ಲರಿಗೂ ಸಿಗುತ್ತದೆ. ನೋಡಲು ಚಾಟ್ ಥರವೇ ಇದೆ, ಆದರೆ ಚಾನೆಲ್ ಒಳಗೆ ಹಾಕುವ ಪ್ರತಿ ಮೆಸೇಜಿಗೂ ಒಂದು ಟಾಪಿಕ್ ಹೆಸರು ಇರುತ್ತದೆ. ಅರ್ಥಶಾಸ್ತ್ರ ಅನ್ನುವ ಚಾನೆಲ್, ಅದರೊಳಗೆ ರೆಪೊ ದರ ಯಾಕೆ ಏರುತ್ತದೆ ಅನ್ನುವ ಟಾಪಿಕ್. ಬೇರೆ ಮಾತು ಎಷ್ಟು ಹರಿದರೂ ಈ ಎಳೆ ಹಾಗೇ ನಿಂತಿರುತ್ತದೆ. ಮೂರು ದಿನ ಬಿಟ್ಟು ಬಂದವನು ತನಗೆ ಬೇಕಾದ ಟಾಪಿಕ್ ಮಾತ್ರ ಓದಿ, ಉಳಿದದ್ದನ್ನು ಬಿಟ್ಟುಬಿಡಬಹುದು. ಮಾತು ದಾರಿ ತಪ್ಪಿದರೆ ಆ ಮೆಸೇಜುಗಳನ್ನಷ್ಟೇ ಎತ್ತಿ ಬೇರೆ ಟಾಪಿಕ್‌ಗೆ ಹಾಕಬಹುದು. ಉತ್ತರ ಸಿಕ್ಕ ಮೇಲೆ ಬಗೆಹರಿಯಿತು ಅಂತ ಗುರುತು ಹಾಕಬಹುದು, ಹೆಸರಿನ ಮುಂದೆ ಟಿಕ್ ಬರುತ್ತದೆ. ಟಿಕ್ ಬೀಳದ ಪ್ರಶ್ನೆಗಳು ಯಾವುವು ಅಂತ ಭಾನುವಾರ ಒಮ್ಮೆ ನೋಡಿದರೆ ಯಾರ ಡೌಟೂ ಅನಾಥವಾಗುವುದಿಲ್ಲ. ಚಾಟ್ ಥರದ ಬೇರೆ ಆಪ್‌ಗಳಲ್ಲಿ ಇದೊಂದು ಕೆಲಸ ನನಗೆ ಇಷ್ಟು ಸುಲಭವಾಗಿ ಆಗಿಲ್ಲ.

ಗಣಿತದವರಿಗೆ ಇನ್ನೊಂದು ಖುಷಿ: ಗಣಿತವನ್ನು ಟೈಪ್ ಮಾಡುವ ಲೇಟೆಕ್ ಅನ್ನುವ ಸಂಕೇತಗಳಲ್ಲಿ ಬರೆದರೆ ಸಮೀಕರಣ ಪುಸ್ತಕದಲ್ಲಿ ಇದ್ದ ಹಾಗೇ ಕಾಣುತ್ತದೆ. ನನ್ನ ಗೆಳತಿಯ ಶಿಕ್ಷಕರ ಗುಂಪು ವಾಟ್ಸ್‌ಆಪ್‌ನಲ್ಲಿ ವರ್ಗಮೂಲವನ್ನು ಕೈಯಲ್ಲಿ ಬರೆದು ಫೋಟೊ ಹಾಕುತ್ತಿತ್ತು, ಅದನ್ನು ಆಮೇಲೆ ಹುಡುಕುವುದು ಹೇಗೆ? ಈಗ ಅವರಿಗೆ ಆ ಕಷ್ಟ ಇಲ್ಲ.

ಕೊರತೆಯೂ ಹೇಳಬೇಕು. ಅವರದೇ ಸರ್ವರಿನಲ್ಲಿ ಉಚಿತವಾಗಿ ಬಳಸಿದರೆ ಇತ್ತೀಚಿನ 10,000 ಮೆಸೇಜ್ ಮಾತ್ರ ಹುಡುಕಲು ಸಿಗುತ್ತವೆ. ಶಿಕ್ಷಣ ಮತ್ತು ಲಾಭಕ್ಕಲ್ಲದ ಗುಂಪುಗಳು ರಿಯಾಯಿತಿಗೆ ಅರ್ಜಿ ಹಾಕಬಹುದು. ಮೊದಲ ವಾರ ಟಾಪಿಕ್ ಅಂದರೆ ಏನು ಅಂತ ಎಲ್ಲರಿಗೂ ಕೂರಿಸಿ ಹೇಳಬೇಕಾಗುತ್ತದೆ. ಆ ಒಂದು ವಾರದ ತಾಳ್ಮೆ ಇದ್ದರೆ ಮಾತ್ರ ಕೈಹಾಕಿ.

ಡಿಸ್ಕೋರ್ಸ್

ಇದು ಚಾಟ್ ಅಲ್ಲವೇ ಅಲ್ಲ, ವೆಬ್‌ಸೈಟ್ ಥರದ ಚರ್ಚಾ ವೇದಿಕೆ. 2013ರಲ್ಲಿ ಬಂದ ಮುಕ್ತ ತಂತ್ರಾಂಶ, ಕಟ್ಟಿದವರಲ್ಲಿ ಒಬ್ಬರಾದ ಜೆಫ್ ಅಟ್‌ವುಡ್ ಅದಕ್ಕೂ ಮುಂಚೆ ಕೋಡ್ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಶುರುಮಾಡಿದವರಲ್ಲಿ ಒಬ್ಬರು. ಹೊಸ ಪ್ರಶ್ನೆಯ ತಲೆಬರಹ ಬರೆಯುತ್ತಿರುವಾಗಲೇ ಇದೇ ಥರದ ಹಳೆಯ ಪ್ರಶ್ನೆ ಇಲ್ಲಿದೆ ನೋಡಿ ಅಂತ ಪಕ್ಕದಲ್ಲಿ ತೋರಿಸುತ್ತದೆ. ನಮ್ಮ 200, 201ರ ಪ್ರಶ್ನೆ ಇಲ್ಲಿ ಬಂದಿದ್ದರೆ ಯಲಹಂಕದವರ ಬರಹ ಆ ಹುಡುಗಿಗೆ ತಾನಾಗಿ ಸಿಗುತ್ತಿತ್ತು. ಜನ ಓದುತ್ತಾ, ಬರೆಯುತ್ತಾ ಹೋದಂತೆ ಅವರ ಮೇಲಿನ ನಂಬಿಕೆಯ ಮಟ್ಟ 0ಯಿಂದ ಮೇಲೇರಿ, ಸ್ವಲ್ಪ ಸ್ವಲ್ಪವೇ ಜವಾಬ್ದಾರಿ ಅವರ ಕೈಗೆ ಬರುತ್ತದೆ. ಅಡ್ಮಿನ್ ಒಬ್ಬನೇ ಎಲ್ಲ ಹೊರಬೇಕಿಲ್ಲ. ವಾರಕ್ಕೊಮ್ಮೆ ಏನೇನು ಚರ್ಚೆಯಾಯಿತು ಅಂತ ಇಮೇಲ್ ಹೋಗುತ್ತದೆ.

ಸ್ವಂತವಾಗಿ ನಡೆಸಲು ಸಣ್ಣ ಸರ್ವರ್ ಬೇಕು, ತಿಂಗಳಿಗೆ 500ರಿಂದ 1000 ರೂಪಾಯಿ ಇಟ್ಟುಕೊಳ್ಳಿ, ಜೊತೆಗೆ ಅಪ್‌ಡೇಟ್ ನೋಡಿಕೊಳ್ಳುವ ಒಬ್ಬರು. ನೂರಕ್ಕಿಂತ ಕಡಿಮೆ ಜನರಿದ್ದರೆ ಇದು ಖಾಲಿ ಖಾಲಿ ಅನ್ನಿಸುತ್ತದೆ. ವರ್ಷಗಟ್ಟಲೆ ನಡೆಯುವ, ಹೊಸಬರು ಬರುತ್ತಲೇ ಇರುವ ಗುಂಪಿಗೆ ಮಾತ್ರ ಕೊಡುತ್ತೇನೆ.

ಮೇಷ್ಟ್ರಿದ್ದರೆ: ಮೂಡಲ್, ಕ್ಲಾಸ್‌ರೂಮ್

ಒಬ್ಬರು ಕಲಿಸುವವರು, ಪಠ್ಯಕ್ರಮ, ಅವಧಿ ಎಲ್ಲ ಇದ್ದರೆ ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶ ಮೂಡಲ್ ನೋಡಿ. 2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಜಿಯಾಮಸ್ ಹೊರತಂದದ್ದು, ಹಳೆಯದು ಅಂತ ಮೂಗು ಮುರಿಯಬೇಡಿ. ಅದರ ಚರ್ಚಾ ವೇದಿಕೆಯಲ್ಲಿ ಪ್ರಶ್ನೋತ್ತರ ಅನ್ನುವ ಬಗೆಯೊಂದಿದೆ. ತಾನು ಉತ್ತರ ಬರೆಯುವ ತನಕ ಬೇರೆಯವರ ಉತ್ತರ ಕಾಣುವುದಿಲ್ಲ. ಮೊದಲು ಬರೆದ ಬುದ್ಧಿವಂತನನ್ನು ನೋಡಿ ಉಳಿದ ಮೂವತ್ತು ಜನ ನನ್ನದೂ ಅದೇ ಅನ್ನುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ನೋಡಿಲ್ಲ. ಪ್ರತಿಯೊಬ್ಬರೂ ಯೋಚಿಸುತ್ತಾರೆ, ಆಮೇಲೆ ಹೋಲಿಸುತ್ತಾರೆ, ನಿಜವಾದ ವಾದ ಆಗ ಶುರುವಾಗುತ್ತದೆ.

ಗೂಗಲ್ ಕ್ಲಾಸ್‌ರೂಮ್‌ನ ಪ್ರಶ್ನೆ ಸೌಲಭ್ಯದಲ್ಲೂ ಹೀಗೆ ಮಾಡಬಹುದು. ಸುಲಭ, ಆದರೆ ಮಕ್ಕಳು ತಮ್ಮ ತಮ್ಮಲ್ಲಿ ದೊಡ್ಡ ಚರ್ಚೆ ಬೆಳೆಸಲು ಅಲ್ಲಿ ಜಾಗ ಸಾಲದು. ಸ್ವಯಂ ಮತ್ತು ಎನ್‌ಪಿಟೆಲ್ ಅನ್ನುವ ಸರ್ಕಾರಿ ಆನ್‌ಲೈನ್ ಕೋರ್ಸ್ ಮಾಡುವವರು ಒಂದು ಗಮನಿಸಿ. 2017ರಲ್ಲಿ ಶುರುವಾದ ಸ್ವಯಂ ಕೋರ್ಸಿನ ನಾಲ್ಕು ಭಾಗಗಳಲ್ಲಿ ವಿಡಿಯೊ, ಓದುವ ಪಠ್ಯ, ಸ್ವಂತ ಪರೀಕ್ಷೆಯ ಜೊತೆಗೆ ಚರ್ಚಾ ವೇದಿಕೆಯೂ ಒಂದು. ತುಂಬ ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ದಯವಿಟ್ಟು ನೋಡಿ.

ಶಾಲೆ ಮಕ್ಕಳ ಗುಂಪಾದರೆ ಪೋಷಕರ ಒಪ್ಪಿಗೆ ಮೊದಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ.

ಆಫೀಸುಗಳಲ್ಲಿ ಬಳಸುವ ಚಾಟ್ ಆಪ್ ಸ್ಲ್ಯಾಕ್ ಬೇಡ, ಉಚಿತ ಖಾತೆಯಲ್ಲಿ 90 ದಿನದ ಹಿಂದಿನದು ಕಾಣುವುದಿಲ್ಲ. ಫೇಸ್‌ಬುಕ್ ಗ್ರೂಪಿನಲ್ಲಿ ಯಾವ ಪ್ರಶ್ನೆ ಯಾರಿಗೆ ಕಾಣಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಅದೂ ಬೇಡ.

ಕೆಎಎಸ್ ಮುಖ್ಯ ಪರೀಕ್ಷೆಗೆ ಉತ್ತರ ಬರೆದು ಅಭ್ಯಾಸ ಮಾಡುವವರಿಗೆ ಮಾತ್ರ ಬೇರೆಯದೇ ಸಲಹೆ: ಗೂಗಲ್ ಡಾಕ್ಸ್. ಒಬ್ಬರು ಉತ್ತರ ಬರೆದು ಹಂಚಿಕೊಳ್ಳಿ, ಉಳಿದವರು ಅಂಚಿನಲ್ಲಿ ಕಾಮೆಂಟ್ ಮಾಡಿ. ಈ ಸಾಲಿಗೆ ಆಧಾರ ಏನು, ಇಲ್ಲಿ ಪ್ರಾದೇಶಿಕ ಅಸಮತೋಲನದ ನಂಜುಂಡಪ್ಪ ಸಮಿತಿ ವರದಿಯ ಮಾತು ಬರಬೇಕಿತ್ತಲ್ವಾ ಅಂತ ಆಯಾ ಸಾಲಿನ ಪಕ್ಕದಲ್ಲೇ ಹೇಳಬಹುದು. ಚಾಟಿನಲ್ಲಿ ಚೆನ್ನಾಗಿದೆ ಅಂತ ಬರುವ ಹತ್ತು ಹೆಬ್ಬೆರಳಿಗಿಂತ ಅಂಚಿನ ಇಂಥ ಒಂದು ಮಾತು ಎಷ್ಟೋ ಉಪಯೋಗ.

ಕೇಳಲು ಹಿಂಜರಿಯುವವರು, ಸುಮ್ನೆ ಓದುವವರು

ಅಮೆರಿಕದ ಕಾಲೇಜುಗಳಲ್ಲಿ ಬಳಸುವ ಪಿಯಾಜ಼ಾ ಅನ್ನುವ ಪ್ರಶ್ನೋತ್ತರ ಸಾಧನ ಕಟ್ಟಿದವರು ಪೂಜಾ ಸಂಕರ್. ಐಐಟಿ ಕಾನ್ಪುರದಲ್ಲಿ ಕಂಪ್ಯೂಟರ್ ಸೈನ್ಸ್ ಓದುವಾಗ ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಹುಡುಗರೆಲ್ಲ ಸೇರಿ ಚರ್ಚಿಸಿ ಲೆಕ್ಕ ಬಿಡಿಸುತ್ತಿದ್ದರೆ ಇವರಿಗೆ ಅಲ್ಲಿ ಹೋಗಿ ಕೇಳಲು ಸಂಕೋಚ. ಆ ಅನುಭವದಿಂದಲೇ ಹೆಸರು ಹೇಳದೆ ಪ್ರಶ್ನೆ ಕೇಳುವ ಅವಕಾಶ ಅದರಲ್ಲಿ ಬಂತು. ನಮ್ಮಲ್ಲಿ ಈ ಸಂಕೋಚ ಇನ್ನೂ ಜಾಸ್ತಿ, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರಿಗೆ, ಹಳ್ಳಿಯಿಂದ ಬಂದು ಮೊದಲ ವರ್ಷ ಬೆಂಗಳೂರಲ್ಲಿರುವವರಿಗೆ. ಆದ್ದರಿಂದ ಯಾವ ಆಪ್ ಆರಿಸಿದರೂ ಒಂದು ಗೂಗಲ್ ಫಾರಂ ಜೊತೆಗಿಡಿ. ಹೆಸರು ಬೇಡ, ಪ್ರಶ್ನೆ ಮಾತ್ರ. ವಾರಕ್ಕೆರಡು ಸಲ ಅಡ್ಮಿನ್ ಆ ಪ್ರಶ್ನೆಗಳನ್ನು ಗುಂಪಿಗೆ ಹಾಕಲಿ. ನಮ್ಮ ಬಳಗದ ಒಳ್ಳೊಳ್ಳೆ ಪ್ರಶ್ನೆಗಳು ಬಂದದ್ದು ಆ ಫಾರಂನಿಂದ.

ಹಾಗೇ, ಏನೂ ಬರೆಯದೆ ಸುಮ್ನೆ ಓದುವವರನ್ನು ತೆಗೆದುಹಾಕುವ ಅಡ್ಮಿನ್‌ಗಳಿದ್ದಾರೆ. ಹಾಗೆ ಮಾಡಬೇಡಿ. ಜನ ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಬರೆದದ್ದು ಇದನ್ನೇ: ಲೈಬೀರಿಯಾದ ದರ್ಜಿಗಳ ಹತ್ತಿರ ಕಲಿಯಲು ಬಂದವರು ಮೊದಲು ಅಂಚಿನಲ್ಲಿದ್ದು ಸಣ್ಣಪುಟ್ಟ ಕೆಲಸ ಮಾಡುತ್ತಾ, ನೋಡುತ್ತಾ, ನಿಧಾನಕ್ಕೆ ನಡುವಿಗೆ ಬರುತ್ತಾರೆ. ನಮ್ಮಲ್ಲಿ ಗುಂಡಿ ಹೊಲಿಯಲು ಕೂತ ಹುಡುಗ ಟೈಲರ್ ಆಗುವುದೂ ಹಾಗೇ ಅಲ್ವಾ? ನಮ್ಮ ಬಳಗದಲ್ಲಿ ಈಗ ಭೂಗೋಳದ ಪ್ರಶ್ನೆಗೆಲ್ಲ ಉತ್ತರ ಬರೆಯುವ ಕೆಂಗೇರಿಯ ಅಣ್ಣ ಮೊದಲ ಐದು ತಿಂಗಳು ಒಂದಕ್ಷರ ಬರೆದಿರಲಿಲ್ಲ.

ಕನ್ನಡದ ಹುಡುಕಾಟ

ಮೊದಲು ಹೇಳಿದೆನಲ್ಲ, ಆ ಬರಹ ಸಿಗದೇ ಹೋಗಲು ಇನ್ನೊಂದು ಕಾರಣವಿತ್ತು. ಯಲಹಂಕದವರು ಬರೆದದ್ದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ನಾವು ಹುಡುಕಿದ್ದು ಕನ್ನಡ ಅಕ್ಷರದಲ್ಲಿ. ಯಾವ ಆಪ್ ಆದರೂ ಈ ಎರಡನ್ನು ಒಂದೇ ಅಂತ ತಿಳಿದು ಹುಡುಕಿಕೊಡುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಾದರೆ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್ ಬೇರೆ. ಕನ್ನಡ ಟೈಪಿಂಗ್ ಕಷ್ಟ ಅನ್ನುವವರಿಗೆ ಫೋನಿನ ಕೀಬೋರ್ಡಿನಲ್ಲಿ ಮಾತಾಡಿ ಬರೆಸುವುದನ್ನು ತೋರಿಸಿಕೊಡಿ, ಹತ್ತು ನಿಮಿಷದ ಕೆಲಸ. ಹಳೆಯ ನುಡಿ, ಬರಹ ಫಾಂಟಿನಲ್ಲಿರುವ ನೋಟ್ಸನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳಾಗಿ ಬೀಳುತ್ತವೆ, ಯೂನಿಕೋಡ್‌ಗೆ ಬದಲಾಯಿಸಿ ಹಾಕಬೇಕು. ಧ್ವನಿ ಸಂದೇಶ ಹಾಕಿದರೆ ಅದರ ಜೊತೆ ಎರಡು ಸಾಲು ಬರೆಯಿರಿ. ತಲೆಬರಹದಲ್ಲಿ ಪದದ ಮೂಲರೂಪ ಇರಲಿ. ವಿಭಕ್ತಿ ಸೇರಿದರೆ ನಮ್ಮ ಪದ ಹತ್ತು ಥರ ಬದಲಾಗುತ್ತದೆ, ಮಸೂದೆ ಅಂತ ಒಂದು ಕಡೆ ಸರಳವಾಗಿ ಇದ್ದರೆ ಹುಡುಕುವವರಿಗೆ ಸಿಗುತ್ತದೆ.

ಇಟ್ಟುಕೊಳ್ಳುವ ಜಾಗ

ಈ ಎರಡು ಜಾಗದ ಮಾತು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಸರ್ಕಾರಿ ಹೈಸ್ಕೂಲ್ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ನಡೆಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳು ಇಮೇಲ್ ಗುಂಪಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅದರ ಜೊತೆಗೇ ಪಾಠದ ಸಾಮಗ್ರಿ ಸೇರಿಸಿಡಲು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಕಟ್ಟಿದರು. ಮಾತು ಒಂದು ಕಡೆ, ಗಟ್ಟಿ ಕಾಳು ಇನ್ನೊಂದು ಕಡೆ. ಕನ್ನಡ ವಿಕಿಪೀಡಿಯ ನೋಡಿ, 2003ರಿಂದ ಇದೆ. ಲೇಖನ ಒಂದು ಪುಟ, ಅದರ ಬೆನ್ನಿಗೇ ಚರ್ಚೆ ಅನ್ನುವ ಪುಟ, ಎಲ್ಲರೂ ಸೇರಿ ಮಾತಾಡಲು ಅರಳಿ ಕಟ್ಟೆ. ಆ ಹೆಸರು ಇಟ್ಟವರಿಗೆ ನಮಸ್ಕಾರ.

ಹಾಗಾಗಿ ನನ್ನನ್ನು ಕೇಳಿದರೆ ಹೀಗೆ. ಪರಿಚಯದ ಇಪ್ಪತ್ತು ಮೂವತ್ತು ಜನ, ಒಂದು ಪರೀಕ್ಷೆಯ ತನಕದ ಓದು: ವಾಟ್ಸ್‌ಆಪ್ ಸಾಕು, ಜೊತೆಗೆ ಇಟ್ಟುಕೊಳ್ಳಲು ಒಂದು ಗೂಗಲ್ ಡಾಕ್. ಅಪರಿಚಿತರೂ ಇರುವ, ಎಲ್ಲರೂ ಫೋನಿನಲ್ಲೇ ಓದುವ ದೊಡ್ಡ ಬಳಗ: ಟಾಪಿಕ್ಸ್ ಮತ್ತು ಸ್ಲೋ ಮೋಡ್ ಹಾಕಿದ ಟೆಲಿಗ್ರಾಂ, ಜೊತೆಗೆ ಅದೇ ಡಾಕ್. ಕೋಡಿಂಗ್, ವಿನ್ಯಾಸ, ಸ್ಕ್ರೀನ್ ತೋರಿಸಿ ಕಲಿಯುವಂಥದ್ದು: ಡಿಸ್ಕಾರ್ಡ್. ಶಿಕ್ಷಕರು, ಸಂಶೋಧಕರು, ಗಣಿತ, ಆಳವಾದ ನಿಧಾನ ಚರ್ಚೆ: ಕಣ್ಣುಮುಚ್ಚಿ ಜುಲಿಪ್. ನಮ್ಮ ಅರವತ್ತು ಜನ ಈಗ ಇರುವುದು ಟೆಲಿಗ್ರಾಂನಲ್ಲಿ. ಜುಲಿಪ್ ನನಗೆ ಹೆಚ್ಚು ಇಷ್ಟ, ಆದರೆ ಎಲ್ಲರೂ ಈಗಾಗಲೇ ತೆರೆಯುವ ಆಪ್‌ನಲ್ಲೇ ಮಾತು ಬೆಳೆಯುತ್ತದೆ, ಆ ವಿಷಯದಲ್ಲಿ ನಾನು ಜನರ ಮಾತು ಕೇಳಿದೆ.

ಡಾಕ್‌ಗೆ ತುಂಬಿಸುವವರು ಯಾರು ಅನ್ನುವುದನ್ನು ಆಪ್ ಆರಿಸುವ ದಿನವೇ ತೀರ್ಮಾನಿಸಿ. ನಮ್ಮಲ್ಲಿ ಪಾಳಿ ಇದೆ. ವಾರಕ್ಕೆ ಇಬ್ಬರು. ಆ ವಾರದ ಒಳ್ಳೆಯ ಐದಾರು ಪ್ರಶ್ನೋತ್ತರ ಆರಿಸಿ, ಸ್ವಲ್ಪ ತಿದ್ದಿ, ಬರೆದವರ ಹೆಸರು ಹಾಕಿ ಸೇರಿಸುತ್ತಾರೆ. ಭಾನುವಾರ ಒಂದು ಗಂಟೆ ಹಿಡಿಯುತ್ತದೆ. ವಿಚಿತ್ರ ಅಂದರೆ ಎಲ್ಲರಿಗಿಂತ ಜಾಸ್ತಿ ಕಲಿಯುವವರು ಆ ವಾರದ ಆ ಇಬ್ಬರೇ, ಯಾಕೆಂದರೆ ತಿದ್ದಬೇಕಾದರೆ ಅರ್ಥವಾಗಿರಲೇಬೇಕು.

ಈಗಿರುವ ಗ್ರೂಪನ್ನು ಬಿಟ್ಟು ಬೇರೆ ಕಡೆ ಹೋಗುತ್ತೀರಾದರೆ, ಹೋಗುವ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಹಳೆಯದನ್ನು ತಕ್ಷಣ ಮುಚ್ಚಬೇಡಿ, ಒಂದು ತಿಂಗಳು ಅಡ್ಮಿನ್ ಮಾತ್ರ ಬರೆಯುವಂತೆ ಇಟ್ಟು, ಹೊಸ ಜಾಗದಲ್ಲಿ ಇವತ್ತು ಏನು ಚರ್ಚೆಯಾಯಿತು ಅಂತ ದಿನಾ ಒಂದು ಸಾಲು ಹಾಕಿ. ಹೊಸ ಜಾಗಕ್ಕೆ ಜನ ಬರುವ ಮುಂಚೆಯೇ ಹತ್ತು ಹಳೆಯ ಪ್ರಶ್ನೋತ್ತರ ಅಲ್ಲಿ ಹಾಕಿಟ್ಟಿರಿ, ಖಾಲಿ ಜಾಗದಲ್ಲಿ ಮೊದಲು ಬಾಯಿ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ನಮ್ಮ ಡಾಕ್‌ನಲ್ಲಿ ಈಗ ಮೊದಲ ಪುಟದಲ್ಲೇ 200 ಮತ್ತು 201ನೇ ವಿಧಿ ಇದೆ. ಯಲಹಂಕದವರು ಇನ್ನೊಮ್ಮೆ ಕೂತು ಬರೆದುಕೊಟ್ಟರು, ಈ ಸಲ ಕನ್ನಡ ಅಕ್ಷರದಲ್ಲಿ.